ರೇ ಆಲನ್ ಶಾಟ್‌ಗೂ ಮುಂಚೆ

ಕ್ರಿಸ್ ಬಾಷ್ ಆ ರಾತ್ರಿ ಗಳಿಸಿದ್ದು 10 ಅಂಕ. ಜೊತೆಗೆ 11 ರೀಬೌಂಡ್ (ತಪ್ಪಿದ ಶಾಟ್‌ನ ಚೆಂಡನ್ನು ಹಿಡಿಯುವುದು), ಎರಡು ಬ್ಲಾಕ್ (ಎದುರಾಳಿಯ ಶಾಟ್ ತಡೆಯುವುದು). ಸ್ಕೋರ್‌ಕಾರ್ಡ್ ಮಾತ್ರ ನೋಡಿದವರು ಆ ಸಾಲಿನ ಮೇಲೆ ಕಣ್ಣಾಡಿಸಿ ಮುಂದೆ ಹೋಗಿರುತ್ತಾರೆ. ಅದೇ ಪಟ್ಟಿಯಲ್ಲಿ ಅವನದೇ ತಂಡದ ಲೆಬ್ರಾನ್ ಜೇಮ್ಸ್ ಹೆಸರಿನ ಮುಂದೆ 32 ಅಂಕ, 10 ರೀಬೌಂಡ್, 11 ಅಸಿಸ್ಟ್ (ಅಂಕಕ್ಕೆ ದಾರಿಯಾದ ಪಾಸ್) ಇದೆ. ಎದುರಾಳಿ ಟಿಮ್ ಡಂಕನ್ ಹೆಸರಿನ ಮುಂದೆ 30 ಅಂಕ, 17 ರೀಬೌಂಡ್. ಇನ್ನು ಬರೀ 9 ಅಂಕ ಗಳಿಸಿದ ರೇ ಆಲನ್‌ನನ್ನಂತೂ ಬ್ಯಾಸ್ಕೆಟ್‌ಬಾಲ್ ನೋಡುವವರು ಯಾರೂ ಮರೆತಿಲ್ಲ. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ 2013ರ ಫೈನಲ್ಸ್‌ನ ಆರನೇ ಪಂದ್ಯ ಎಂದರೆ ಇವತ್ತಿಗೂ ಪಂದ್ಯವನ್ನು ಸಮ ಮಾಡಿದ ಅವನ ಆ ಒಂದು ಶಾಟ್. ಬಲಗಡೆಯ ಮೂಲೆ, ಹಿಂದಕ್ಕೆ ಸರಿಯುತ್ತಿರುವ ಎರಡು ಪಾದ, ಗಡಿಯಾರದಲ್ಲಿ ಉಳಿದ 5.2 ಸೆಕೆಂಡ್.

ಆ ಶಾಟ್ ನನಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಆದರೆ ಪೂರ್ತಿ ಪಂದ್ಯವನ್ನು ಮತ್ತೆ ಮತ್ತೆ ನೋಡಿದ ಹಾಗೆಲ್ಲ ನನ್ನ ಕಣ್ಣು ಆಲನ್‌ನನ್ನು ಬಿಟ್ಟು ಬಾಷ್‌ನ ಹಿಂದೆಯೇ ಹೋಗುತ್ತದೆ. ಆ ರಾತ್ರಿ ಮಯಾಮಿ ಹೀಟ್ ತಂಡವನ್ನು ಉಳಿಸಿದವನು ಅವನು ಅಂತ ನನ್ನ ಅಭಿಪ್ರಾಯ. ಸುಮಾರು ವರ್ಷಗಳಿಂದ ಗೆಳೆಯರ ಜೊತೆ ಇದೇ ವಾದ ಮಾಡುತ್ತಾ ಬಂದಿದ್ದೇನೆ. ಈ ಸಲ ಬರೆದೇ ಬಿಡೋಣ ಅನ್ನಿಸಿತು.

ಹಿನ್ನೆಲೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಎನ್‌ಬಿಎ ಫೈನಲ್ಸ್ ಏಳು ಪಂದ್ಯಗಳ ಸರಣಿ, ಮೊದಲು ನಾಲ್ಕು ಗೆದ್ದವರಿಗೆ ಪ್ರಶಸ್ತಿ. ಮಯಾಮಿ ಆ ಸೀಸನ್‌ನಲ್ಲಿ 66 ಪಂದ್ಯ ಗೆದ್ದಿತ್ತು, ನಡುವೆ ಸತತ 27 ಗೆಲುವಿನ ಓಟ ಬೇರೆ. ಎದುರಿಗೆ ಸ್ಯಾನ್ ಆಂಟೋನಿಯೊ ಸ್ಪರ್ಸ್. 1999, 2003, 2005, 2007, ಹೀಗೆ ನಾಲ್ಕು ಸಲ ಫೈನಲ್‌ಗೆ ಬಂದು ನಾಲ್ಕೂ ಸಲ ಗೆದ್ದ ತಂಡ ಅದು. ಸರಣಿಯಲ್ಲಿ ಒಂದು ಇವರದು, ಒಂದು ಅವರದು ಅನ್ನುವ ಹಾಗೆ ಸಾಗಿ ಐದು ಪಂದ್ಯ ಮುಗಿದಾಗ ಸ್ಪರ್ಸ್ 3–2ರಿಂದ ಮುಂದಿತ್ತು. ಜೂನ್ 18ರ ರಾತ್ರಿ ಮಯಾಮಿಯ ಅಮೆರಿಕನ್ ಏರ್‌ಲೈನ್ಸ್ ಅರೀನಾದಲ್ಲಿ ಆರನೇ ಪಂದ್ಯ. ಸ್ಪರ್ಸ್ ಗೆದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನಮಗೆ ಇಲ್ಲಿ ಅದು 19ರ ಬುಧವಾರ ಬೆಳಿಗ್ಗೆ ಆರೂವರೆ. ಓವರ್‌ಟೈಮ್ ಮುಗಿಯುವ ಹೊತ್ತಿಗೆ ಬೆಂಗಳೂರಿನಲ್ಲಿ ಆಫೀಸಿಗೆ ಹೊರಡುವ ಸಮಯ ಮೀರಿ ಹೋಗಿತ್ತು.

ಮೊದಲು ಸ್ಪರ್ಸ್‌ನ ಡಂಕನ್ ಬಗ್ಗೆ ಹೇಳಬೇಕು. ಈ ಪಂದ್ಯದ ಕತೆ ಹೇಳುವಾಗ ಎಲ್ಲರೂ ಕೊನೆಯ ಅರ್ಧ ನಿಮಿಷಕ್ಕೆ ಹಾರಿಬಿಡುತ್ತಾರೆ, ಅಲ್ಲಿ ಡಂಕನ್ ಅಂಗಳದಲ್ಲೇ ಇರಲಿಲ್ಲ. ಹಾಗಾಗಿ ಅವನು ಆ ರಾತ್ರಿ ಆಡಿದ ಆಟ ಮಾತಿನಲ್ಲೇ ಬರುವುದಿಲ್ಲ. ಅವನಿಗಾಗ 37 ವರ್ಷ. ವರ್ಜಿನ್ ದ್ವೀಪಗಳ ಸೇಂಟ್ ಕ್ರಾಯ್‌ನಲ್ಲಿ ಬೆಳೆದ ಹುಡುಗ. ಮೊದಲು ಈಜುಗಾರನಾಗಿದ್ದ, 1989ರಲ್ಲಿ ಹ್ಯೂಗೋ ಚಂಡಮಾರುತ ಊರಿನ ಈಜುಕೊಳವನ್ನೇ ಹಾಳುಮಾಡಿದ ಮೇಲೆ ಬ್ಯಾಸ್ಕೆಟ್‌ಬಾಲ್ ಕಡೆಗೆ ಬಂದ. ಮೊದಲ ಪ್ರಶಸ್ತಿ ಗೆದ್ದು ಹದಿನಾಲ್ಕು ವರ್ಷವಾಗಿತ್ತು, ಮೊಣಕಾಲಿಗೆ ಬ್ರೇಸ್ ಕಟ್ಟಿಕೊಂಡು ಓಡುತ್ತಿದ್ದ. ಅಂಥವನು ಮೊದಲರ್ಧದಲ್ಲೇ 25 ಅಂಕ ಹೊಡೆದ. ಹದಿಮೂರು ಶಾಟ್‌ನಲ್ಲಿ ಹನ್ನೊಂದು ಬಿದ್ದವು. ಮೊದಲ ಎಂಟರಲ್ಲಿ ಒಂದೂ ತಪ್ಪಲಿಲ್ಲ.

ಆ ಅಂಕಗಳಲ್ಲಿ ಅಬ್ಬರ ಇರಲಿಲ್ಲ. ಬ್ಯಾಸ್ಕೆಟ್‌ಗೆ ಬೆನ್ನು ಹಾಕಿ ನಿಲ್ಲುತ್ತಿದ್ದ, ಚೆಂಡು ಕೈಗೆ ಬಂದಮೇಲೆ ಒಂದು ಕ್ಷಣ ಸುಮ್ಮನಿರುತ್ತಿದ್ದ, ಭುಜದಿಂದ ಎದುರಾಳಿಯ ಭಾರ ಎಷ್ಟಿದೆ ಅಂತ ಅಂದಾಜು ಮಾಡುತ್ತಿದ್ದ, ಆಮೇಲೆ ತಿರುಗಿ ಒಂದು ಸಣ್ಣ ಹುಕ್ ಹಾಕುತ್ತಿದ್ದ. ಇಲ್ಲವಾದರೆ ಬೋರ್ಡ್‌ನ ಚೌಕಕ್ಕೆ ತಾಗಿಸಿ ಒಳಗೆ ಬೀಳಿಸುತ್ತಿದ್ದ. ಇದನ್ನೇ ಹದಿನಾರು ಸೀಸನ್ ಮಾಡಿದ್ದ. ಎದುರಿಗಿದ್ದವರಿಗೆ ಏನು ಬರುತ್ತದೆ ಅಂತ ಗೊತ್ತಿತ್ತು, ತಡೆಯಲು ಆಗುತ್ತಿರಲಿಲ್ಲ, ಅಷ್ಟೇ. ಆ ಎದುರಿಗಿದ್ದವನು ಬಹುಪಾಲು ಹೊತ್ತು ಬಾಷ್. ಅಂದರೆ ನಾನು ಯಾರನ್ನು ಈ ಪಂದ್ಯದ ನಾಯಕ ಅನ್ನುತ್ತಿದ್ದೇನೋ ಅವನ ಮೈಮೇಲೆಯೇ ಡಂಕನ್ ತನ್ನ ಫೈನಲ್ಸ್ ಬದುಕಿನ ಅತ್ಯುತ್ತಮ ಮೊದಲರ್ಧ ಆಡಿದ. ಇದನ್ನು ಮುಚ್ಚಿಟ್ಟು ಬಾಷ್‌ನನ್ನು ಹೊಗಳುವುದು ಸರಿಯಲ್ಲ.

ಅರ್ಧಕ್ಕೆ ಸ್ಪರ್ಸ್ 50–44. ಮೂರನೇ ಕ್ವಾರ್ಟರ್ ಮುಗಿದಾಗ 75–65. ಹತ್ತು ಅಂಕದ ಅಂತರ, ಬಾಕಿ ಇದ್ದದ್ದು ಹನ್ನೆರಡು ನಿಮಿಷ. ಲೆಬ್ರಾನ್ ಅಷ್ಟು ಹೊತ್ತಿಗೆ ಹನ್ನೆರಡು ಶಾಟ್ ಹಾಕಿದ್ದ, ಬಿದ್ದದ್ದು ಮೂರು. ಆ ವರ್ಷದ ಎಂವಿಪಿ, ಲೀಗ್‌ನ ಶ್ರೇಷ್ಠ ಆಟಗಾರ, ತನ್ನ ತಂಡದ ಊರಿನ ಜನರ ಮುಂದೆ ಹೀಗೆ ಆಡುತ್ತಿದ್ದಾಗ ಎಲ್ಲರ ಮನಸ್ಸಿಗೆ 2011 ಬಂದಿರಲೇಬೇಕು. ಆ ವರ್ಷ ಡಲ್ಲಾಸ್ ಎದುರಿನ ಫೈನಲ್‌ನಲ್ಲಿ ಅವನು ಮಂಕಾಗಿ ಹೋಗಿದ್ದ, ಮಯಾಮಿ ಸೋತಿತ್ತು.

ಲೆಬ್ರಾನ್‌ನ ಬೆನ್ನ ಹಿಂದೆ ಇಡೀ ರಾತ್ರಿ ಬಿಡದೆ ಬಿದ್ದಿದ್ದವನು ಸ್ಪರ್ಸ್‌ನ ಕವಾಯ್ ಲೆನರ್ಡ್. ವಯಸ್ಸು 21. ಮಾತೇ ಆಡದ ಹುಡುಗ, ದೊಡ್ಡ ಅಂಗೈ, ಬಿಗಿಯಾಗಿ ಹೆಣೆದ ಜಡೆ. ಲೆಬ್ರಾನ್‌ನನ್ನು ಕಾಯುವ ಕೆಲಸದ ಜೊತೆಗೇ 22 ಅಂಕ, 11 ರೀಬೌಂಡ್ ತೆಗೆದ. ಎರಡನೇ ಕ್ವಾರ್ಟರ್‌ನಲ್ಲಿ ಮಯಾಮಿಯ ಮೈಕ್ ಮಿಲ್ಲರ್‌ನ ತಲೆಯ ಮೇಲಿಂದ ಹೊಡೆದ ಡಂಕ್ (ಚೆಂಡನ್ನು ಮೇಲಿಂದ ಬ್ಯಾಸ್ಕೆಟ್‌ಗೆ ತುರುಕುವುದು) ಇದೆಯಲ್ಲ, ಅದನ್ನೊಮ್ಮೆ ನೋಡಿ. ಇಷ್ಟು ಸಣ್ಣ ವಯಸ್ಸಿನಲ್ಲಿ, ಇಷ್ಟು ದೊಡ್ಡ ಪಂದ್ಯದಲ್ಲಿ, ಮುಖದಲ್ಲಿ ಒಂದು ಗೆರೆ ಕೂಡ ಬದಲಾಗದೆ ಆಡಿದವರು ತೀರಾ ಕಡಿಮೆ. ಅವನ ಆ ರಾತ್ರಿಯನ್ನು ಈಗ ಒಂದು ಫ್ರೀ ಥ್ರೋದಿಂದ (ಎದುರಾಳಿ ಫೌಲ್ ಮಾಡಿದಾಗ ಸಿಗುವ, ಯಾರೂ ತಡೆಯದ ಒಂದು ಅಂಕದ ಶಾಟ್) ಮಾತ್ರ ಗುರುತಿಸುತ್ತಾರೆ ಅನ್ನುವುದು ನನಗೆ ಇವತ್ತಿಗೂ ಹೊಟ್ಟೆ ಉರಿಯುವ ವಿಷಯ. ಅದಕ್ಕೆ ಆಮೇಲೆ ಬರುತ್ತೇನೆ.

ನಾಲ್ಕನೇ ಕ್ವಾರ್ಟರ್ ಶುರುವಾದಾಗ ಮಯಾಮಿಯ ಆಟ ಬೇರೆಯಾಯಿತು. ಮೊಣಕಾಲಿನ ನೋವಿನ ಡ್ವೇನ್ ವೇಡ್ ಬೆಂಚಿನಲ್ಲಿದ್ದಾಗಲೇ ಅಂತರ ಕರಗತೊಡಗಿತು. ಮಿಲ್ಲರ್‌ನ ಒಂದು ಶೂ ಕಳಚಿಹೋಯಿತು. ಹಾಕಿಕೊಳ್ಳಲು ಸಮಯ ಸಿಗಲಿಲ್ಲ. ಒಂದೇ ಶೂನಲ್ಲಿ, ಇನ್ನೊಂದು ಕಾಲಲ್ಲಿ ಬರೀ ಕಾಲುಚೀಲದಲ್ಲಿ ನಿಂತು ಮೂರು ಅಂಕದ ಶಾಟ್ ಹಾಕಿದ, ಅದು ಬಿತ್ತು. ಸ್ವಲ್ಪ ಹೊತ್ತಿನಲ್ಲೇ ಒಂದು ಡಂಕ್ ಹೊಡೆಯುವಾಗ ಲೆಬ್ರಾನ್‌ನ ಹೆಡ್‌ಬ್ಯಾಂಡ್ ಹಾರಿಹೋಯಿತು. ವರ್ಷಗಟ್ಟಲೆ ತಲೆಗೆ ಅಂಟಿಕೊಂಡೇ ಇದ್ದ ಆ ಬಿಳಿ ಪಟ್ಟಿಯನ್ನು ಅವನು ಮತ್ತೆ ಹಾಕಿಕೊಳ್ಳುವ ಗೋಜಿಗೇ ಹೋಗಲಿಲ್ಲ. ಅಲ್ಲಿಂದ ಮುಂದೆ ಅವನು ಆಡಿದ್ದು ಬೇರೆಯದೇ ಆಟ. ಜಂಪ್ ಶಾಟ್ ಬೀಳುತ್ತೋ ಇಲ್ಲವೋ ಅನ್ನುವ ಅನುಮಾನದ ಮುಖ ಮಾಯವಾಗಿ ನೇರ ಬ್ಯಾಸ್ಕೆಟ್‌ಗೆ ನುಗ್ಗತೊಡಗಿದ. ನಾಲ್ಕನೇ ಕ್ವಾರ್ಟರ್ ಮತ್ತು ಓವರ್‌ಟೈಮ್ ಸೇರಿ 18 ಅಂಕ ತೆಗೆದ.

ಈ ಹೊತ್ತಿನಲ್ಲೇ ನಡೆದ, ಯಾರೂ ಮಾತಾಡದ ಇನ್ನೊಂದು ಸಂಗತಿ ಇದೆ. ಮೊದಲರ್ಧದಲ್ಲಿ 25, ಮೂರನೇ ಕ್ವಾರ್ಟರ್‌ನಲ್ಲಿ 5 ಅಂಕ ಗಳಿಸಿದ್ದ ಡಂಕನ್ ಆಮೇಲೆ ಒಂದೇ ಒಂದು ಅಂಕ ಗಳಿಸಲಿಲ್ಲ. ನಾಲ್ಕನೇ ಕ್ವಾರ್ಟರ್‌ನಲ್ಲೂ ಇಲ್ಲ, ಓವರ್‌ಟೈಮ್‌ನಲ್ಲೂ ಇಲ್ಲ. ಸುಸ್ತು ಒಂದು ಕಾರಣ ಇರಬಹುದು, ಆ ವಯಸ್ಸಿಗೆ ಅದು ಸಹಜವೇ. ಆದರೆ ಮಯಾಮಿಯವರು ಅವನ ಕೈಗೆ ಚೆಂಡು ತಲುಪುವ ದಾರಿಯನ್ನೇ ಬಿಗಿ ಮಾಡಿದ್ದರು, ಆ ಭಾರದ ಕೆಲಸದ ದೊಡ್ಡ ಪಾಲು ಬಾಷ್‌ನ ಮೇಲಿತ್ತು. ಇದಕ್ಕೆ ಸ್ಕೋರ್‌ಕಾರ್ಡ್‌ನಲ್ಲಿ ಕಾಲಂ ಇಲ್ಲ. ಎದುರಾಳಿಯ ಅಂಕದ ಜಾಗದಲ್ಲಿ ಸೊನ್ನೆ ಕಾಣುತ್ತದೆ, ಆ ಸೊನ್ನೆ ಯಾರ ದುಡಿಮೆ ಅಂತ ಯಾರೂ ಬರೆದಿಡುವುದಿಲ್ಲ.

ಮಯಾಮಿ ಬೆನ್ನಟ್ಟಿ ಬಂದು 89–86ಕ್ಕೆ ಮುನ್ನಡೆಯನ್ನೂ ಪಡೆಯಿತು. ಇನ್ನೇನು ಪಂದ್ಯ ಇವರದಾಯಿತು ಅನ್ನುವಾಗ ಸ್ಪರ್ಸ್‌ನ ಟೋನಿ ಪಾರ್ಕರ್ ಬಂದ. ಪಾರ್ಕರ್‌ಗೆ ಅವತ್ತು ಏನೂ ಕೈಗೆ ಹತ್ತಿರಲಿಲ್ಲ, 23 ಶಾಟ್‌ನಲ್ಲಿ ಒಟ್ಟು ಬಿದ್ದದ್ದು ಆರು. ಮೂರನೇ ಪಂದ್ಯದಲ್ಲಿ ತೊಡೆಯ ಸ್ನಾಯು ಬೇರೆ ಎಳೆದುಕೊಂಡಿದ್ದ. ಆದರೂ 1 ನಿಮಿಷ 27 ಸೆಕೆಂಡ್ ಬಾಕಿ ಇದ್ದಾಗ, ತನಗಿಂತ ಅರ್ಧ ಅಡಿಯಷ್ಟು ಎತ್ತರದ ಲೆಬ್ರಾನ್ ಎದುರಿಗೆ ನಿಂತಿದ್ದಾಗ, ಒಂದು ಹೆಜ್ಜೆ ಹಿಂದಕ್ಕೆ ಎಗರಿ ಮೂರು ಅಂಕದ ಶಾಟ್ ಹಾಕಿಬಿಟ್ಟ. ಸಮ! ಮರುಕ್ಷಣವೇ ಚೆಂಡು ಕಸಿದುಕೊಂಡು, ಗಿರ್ರನೆ ತಿರುಗಿ ಇನ್ನೆರಡು. 91–89. ಅರ್ಧ ನಿಮಿಷದ ಒಳಗೆ ಐದು ಅಂಕ. ಸ್ಪರ್ಸ್ ಗೆದ್ದಿದ್ದರೆ ಇವತ್ತು ಭಿತ್ತಿಚಿತ್ರಗಳಲ್ಲಿ ಇರುತ್ತಿದ್ದದ್ದು ಪಾರ್ಕರ್‌ನ ಈ ಶಾಟ್. ಈಗ ಅದನ್ನು ನೆನಪಿಸಬೇಕಾದರೆ ವಿಡಿಯೊ ಹುಡುಕಿ ತೋರಿಸಬೇಕು. ಇದೇ ಸರಣಿಯ ಮೊದಲ ಪಂದ್ಯವನ್ನು ಗೆಲ್ಲಿಸಿಕೊಟ್ಟದ್ದೂ ಪಾರ್ಕರ್‌ನ ಶಾಟೇ. ಮುಗ್ಗರಿಸಿ, ಎದ್ದು, ಬೋರ್ಡ್‌ಗೆ ತಾಗಿಸಿ ಹಾಕಿದ್ದ. ಆಗಲೂ ಗಡಿಯಾರದಲ್ಲಿ ಉಳಿದಿದ್ದದ್ದು 5.2 ಸೆಕೆಂಡ್.

ಮುಂದಿನ ಎರಡು ಸಲವೂ ಲೆಬ್ರಾನ್ ಕೈಯಿಂದ ಚೆಂಡು ಹೋಯಿತು. ಸ್ಪರ್ಸ್‌ನ ಮನು ಜಿನೊಬಿಲಿ ಫ್ರೀ ಥ್ರೋಗೆ ನಿಂತ. ಮೊದಲ ಜೋಡಿಯಲ್ಲಿ ಎರಡೂ ಬಿದ್ದವು, ಎರಡನೇ ಜೋಡಿಯಲ್ಲಿ ಒಂದು ತಪ್ಪಿತು. 94–89. ಉಳಿದದ್ದು 28.2 ಸೆಕೆಂಡ್.

ಆಗ ಅಂಗಳದ ಸುತ್ತ ಭದ್ರತಾ ಸಿಬ್ಬಂದಿ ಹಳದಿ ಹಗ್ಗ ಹಿಡಿದು ನಿಂತರು. ಸ್ಪರ್ಸ್‌ಗೆ ಟ್ರೋಫಿ ಕೊಡುವ ಏರ್ಪಾಡು. ಮಯಾಮಿಯ ಆಟಗಾರರು ಆ ಹಗ್ಗವನ್ನು ಕಣ್ಣಾರೆ ಕಂಡರು. ಪ್ರೇಕ್ಷಕರಲ್ಲಿ ಎಷ್ಟೋ ಜನ ಎದ್ದು ಹೊರಟೇಹೋದರು. ಆಮೇಲೆ ಒಳಗಿನ ಕೂಗು ಕೇಳಿ ವಾಪಸ್ ಬಂದವರನ್ನು ಬಾಗಿಲಲ್ಲಿ ಒಳಗೆ ಬಿಡಲಿಲ್ಲ.

ಇಲ್ಲಿ ಸ್ಪರ್ಸ್ ಕೋಚ್ ಗ್ರೆಗ್ ಪೊಪೊವಿಚ್ ತೆಗೆದುಕೊಂಡ ನಿರ್ಧಾರವನ್ನು ಹನ್ನೆರಡು ವರ್ಷಕ್ಕೂ ಮೀರಿ ಜನ ಬೈಯುತ್ತಿದ್ದಾರೆ. ಡಂಕನ್‌ನನ್ನು ಬೆಂಚಿಗೆ ಕರೆಸಿಕೊಂಡರು. ನನಗೆ ಈ ಬೈಗುಳ ಒಪ್ಪಿಗೆಯಿಲ್ಲ. ಮಯಾಮಿಗೆ ಎರಡು ಅಂಕದಿಂದ ಉಪಯೋಗವಿರಲಿಲ್ಲ, ಮೂರೇ ಬೇಕಿತ್ತು. ಮೂರು ಅಂಕದ ಗೆರೆಯ ಹೊರಗೆ ಯಾರನ್ನೂ ಬಿಡುವಾಗಿ ಬಿಡಬಾರದು ಅಂದರೆ ಅಂಗಳದಲ್ಲಿರುವ ಐದೂ ಜನ ಒಬ್ಬರ ಎದುರಾಳಿಯನ್ನು ಇನ್ನೊಬ್ಬರು ಹಿಡಿದುಕೊಂಡು ಸರಸರ ಬದಲಾಗುತ್ತಿರಬೇಕು. 37ರ ಡಂಕನ್ ಆ ಗೆರೆಯ ತನಕ ಓಡಿ ಬಂದು ಲೆಬ್ರಾನ್‌ನನ್ನೋ ಆಲನ್‌ನನ್ನೋ ತಡೆಯಬಲ್ಲನೇ? ಇದೇ ಲೆಕ್ಕ ಹಾಕಿ ಪೊಪೊವಿಚ್ ಬೇರೆ ಪಂದ್ಯಗಳಲ್ಲೂ ಹೀಗೆ ಮಾಡಿದ್ದರು. ಆ ಲೆಕ್ಕದ ಪ್ರಕಾರ ಕೆಲಸವೂ ನಡೆಯಿತು, ಕೊನೆಯ ಅರ್ಧ ನಿಮಿಷದಲ್ಲಿ ಮಯಾಮಿಯವರು ಹಾಕಿದ ಮೊದಲ ಶಾಟ್ ಎರಡು ಸಲವೂ ತಪ್ಪಿತು. ಕೈಕೊಟ್ಟದ್ದು ತಪ್ಪಿದ ಮೇಲಿನ ಚೆಂಡು. ಎತ್ತರದ ಮನುಷ್ಯ ಬೆಂಚಿನಲ್ಲಿದ್ದಾಗ ಆ ಚೆಂಡನ್ನು ಹಿಡಿಯುವವರು ಯಾರು?

ಮೊದಲನೆಯದು ಲೆಬ್ರಾನ್‌ನ ಕೆಟ್ಟ ಶಾಟ್. ರಿಮ್‌ನಿಂದ ದೂರ ಹೋಯಿತು. ಚೆಂಡು ಹಲವು ಕೈಗಳನ್ನು ತಾಗಿ ಮತ್ತೆ ಅವನ ಹತ್ತಿರಕ್ಕೇ ಬಂತು, ಎರಡನೇ ಸಲ ಬಿತ್ತು. 94–92, ಇಪ್ಪತ್ತು ಸೆಕೆಂಡ್. ಕೂಡಲೇ ಲೆನರ್ಡ್‌ಗೆ ಫೌಲ್. 19.4 ಸೆಕೆಂಡ್ ಬಾಕಿ ಇದ್ದಾಗ ಆ 21ರ ಹುಡುಗ ಗೆರೆಗೆ ಬಂದು ನಿಂತ. ಮೊದಲನೆಯದು ತಪ್ಪಿತು, ಎರಡನೆಯದು ಬಿತ್ತು. 95–92.

ಜಿನೊಬಿಲಿಯ ಒಂದು, ಲೆನರ್ಡ್‌ನ ಒಂದು. ಇವೆರಡರಲ್ಲಿ ಯಾವುದೊಂದು ಬಿದ್ದಿದ್ದರೂ ಆಲನ್‌ನ ಮೂರು ಅಂಕದಿಂದ ಪಂದ್ಯ ಸಮವಾಗುತ್ತಿರಲಿಲ್ಲ. ಸ್ಪರ್ಸ್ ಅಭಿಮಾನಿಗಳ ಎದೆಯಲ್ಲಿ ಈ ಲೆಕ್ಕ ಇವತ್ತಿಗೂ ಕುಟುಕುತ್ತಿರುತ್ತದೆ. ಆದರೆ 22 ಅಂಕ, 11 ರೀಬೌಂಡ್ ಕೊಟ್ಟವನಿಂದ ಇನ್ನೂ ಒಂದು ಕೇಳುವುದು ಯಾವ ನ್ಯಾಯ? ಜಿನೊಬಿಲಿಯ ವಿಷಯ ಸ್ವಲ್ಪ ಬೇರೆ. ಹಿಂದಿನ ಪಂದ್ಯದಲ್ಲಿ 24 ಅಂಕ, 10 ಅಸಿಸ್ಟ್ ಕೊಟ್ಟು ತಂಡವನ್ನು ಗೆಲ್ಲಿಸಿದ್ದವನು ಈ ಪಂದ್ಯದಲ್ಲಿ ಎಂಟು ಸಲ ಚೆಂಡು ಕಳೆದುಕೊಂಡ. ಅವನ ಆಟವೇ ಹಾಗೆ, ಇಕ್ಕಟ್ಟಿನ ಜಾಗದಲ್ಲಿ ನುಗ್ಗಿ ಪಾಸ್ ಎಸೆಯುವ ಧೈರ್ಯ ಒಂದು ದಿನ ಗೆಲ್ಲಿಸುತ್ತದೆ, ಇನ್ನೊಂದು ದಿನ ಕೈಬಿಡುತ್ತದೆ. ಅವನನ್ನು ಅಷ್ಟು ವರ್ಷ ಪ್ರೀತಿಸಿದ್ದೇ ಆ ಧೈರ್ಯಕ್ಕಾಗಿ.

ಈಗ ಆ ರೀಬೌಂಡ್.

ಹತ್ತು ಸೆಕೆಂಡ್‌ಗೂ ಕಡಿಮೆ ಇದೆ. ಲೆಬ್ರಾನ್ ಮತ್ತೊಂದು ಮೂರು ಅಂಕದ ಶಾಟ್ ಹಾಕುತ್ತಾನೆ. ಬಾಷ್ ಅಷ್ಟು ಹೊತ್ತಿಗೆ ಸ್ಕ್ರೀನ್ ಕೊಟ್ಟು (ಎದುರಾಳಿಯ ದಾರಿಗೆ ಅಡ್ಡ ನಿಂತು) ಒಳಗೆ ನಡೆದಿದ್ದಾನೆ. ಸ್ಪರ್ಸ್‌ನವರು ಬದಲಾಗುತ್ತಾ ಬದಲಾಗುತ್ತಾ ಅವನ ಪಕ್ಕಕ್ಕೆ ಉಳಿದದ್ದು ಜಿನೊಬಿಲಿ, ಅವನಿಗಿಂತ ಐದು ಇಂಚು ಗಿಡ್ಡ. ಆಡಿದವರಿಗೆ ಇದು ಗೊತ್ತಿರುತ್ತದೆ. ಶಾಟ್ ಮೇಲೆ ಹೋದ ಕೂಡಲೇ ಎಲ್ಲರ ತಲೆಯೂ ಚೆಂಡಿನ ಜೊತೆ ಮೇಲೆ ಹೋಗುತ್ತದೆ. ಕಾಲೇಜು ದಿನಗಳಲ್ಲಿ ನಮ್ಮ ಕೋಚ್ ಇದಕ್ಕೇ ಗಂಟಲು ಹರಿದುಕೊಳ್ಳುತ್ತಿದ್ದರು. "ಲೋ, ಚೆಂಡು ಎಲ್ಲಿಗೂ ಹೋಗಲ್ಲ ಕಣೋ, ಕೆಳಗೇ ಬರುತ್ತೆ. ಮೊದಲು ಮನುಷ್ಯನ್ನ ಹುಡುಕು, ಬೆನ್ನಿಗೆ ಹಾಕ್ಕೋ!" ಜಿನೊಬಿಲಿಗೆ ಬಾಷ್‌ನನ್ನು ಬೆನ್ನಿಗೆ ಹಾಕಿಕೊಳ್ಳಲು ಆಗಲಿಲ್ಲ. ಬಾಷ್ ಎರಡು ಹೆಜ್ಜೆ ಮುಂದೆ ಇಟ್ಟು, ಎರಡೂ ಕೈ ಚಾಚಿ, ಚೆಂಡು ಇಳಿಯುವ ಮೊದಲೇ ಮೇಲೆ ಹೋಗಿ ಹಿಡಿದ.

ಹಿಡಿದ ಮೇಲೆ ಅವನು ಮಾಡಿದ್ದೇ ನನಗೆ ಎಲ್ಲಕ್ಕಿಂತ ದೊಡ್ಡದು. ಬ್ಯಾಸ್ಕೆಟ್ ಅಲ್ಲೇ ಹತ್ತಿರ ಇತ್ತು. ಕೈಯಲ್ಲಿ ಚೆಂಡು ಬಂದ ಎತ್ತರದ ಆಟಗಾರನ ಮೈಗೆ ಅಭ್ಯಾಸವಾಗಿರುವುದು ತಿರುಗಿ ಮೇಲೆ ಹಾಕುವುದು. ಹಾಕಿದ್ದರೆ ಎರಡು ಅಂಕ, ಆಮೇಲೆ ಮತ್ತೆ ಫೌಲ್, ಮತ್ತೆ ಫ್ರೀ ಥ್ರೋ, ಬಹುಶಃ ಸೋಲು. ಒಂದು ಡ್ರಿಬಲ್ ಮಾಡಿದ್ದರೂ ಯಾರಾದರೂ ಕೈಹಾಕುತ್ತಿದ್ದರು. ಅವನು ಯಾವುದನ್ನೂ ಮಾಡಲಿಲ್ಲ. ಕೆಳಗಿಳಿದ ಕೂಡಲೇ ಕಣ್ಣು ಬಲಮೂಲೆಗೆ ಹೋಯಿತು, ಚೆಂಡು ಎದೆಯ ಮಟ್ಟದಿಂದ ಕೆಳಗಿಳಿಯಲೇ ಇಲ್ಲ, ಆಲನ್‌ಗೆ ಪಾಸ್ ಹೋಯಿತು. ಪಾಸ್ ಅರ್ಧ ಅಡಿ ಆಚೀಚೆ ಆಗಿದ್ದರೂ ಆಲನ್‌ನ ಹೆಜ್ಜೆ ಕೆಡುತ್ತಿತ್ತು.

ಯಾಕೆಂದರೆ ಆ ಮೂಲೆಯಲ್ಲಿ ಜಾಗವೇ ಇಲ್ಲ. ಎನ್‌ಬಿಎ ಅಂಗಳದ ಅಗಲ 50 ಅಡಿ. ಮೂಲೆಯಲ್ಲಿ ಮೂರು ಅಂಕದ ಗೆರೆ ಬ್ಯಾಸ್ಕೆಟ್‌ನಿಂದ 22 ಅಡಿ ದೂರ. ಹಾಗಾದರೆ ಆ ಗೆರೆಗೂ ಅಂಗಳದ ಅಂಚಿಗೂ ನಡುವೆ ಉಳಿಯುವುದು ಮೂರೇ ಅಡಿ. ಮುಂದಿನ ಗೆರೆ ತುಳಿದರೆ ಎರಡೇ ಅಂಕ, ಹಿಂದಿನದು ತುಳಿದರೆ ಚೆಂಡೇ ಎದುರಾಳಿಗೆ. ಆಲನ್ ರೀಬೌಂಡ್‌ಗೆಂದು ಒಳಗೆ ಬಂದಿದ್ದವನು ಬಾಷ್ ಕೈಯಲ್ಲಿ ಚೆಂಡು ಕಂಡ ಕೂಡಲೇ ಹಿಮ್ಮುಖವಾಗಿ ಹೆಜ್ಜೆ ಹಾಕುತ್ತಾ, ಒಮ್ಮೆಯೂ ಕೆಳಗೆ ನೋಡದೆ, ಆ ಮೂರಡಿಯೊಳಗೆ ಎರಡೂ ಪಾದ ಇಟ್ಟ. ಪಾರ್ಕರ್ ಕೈ ಎತ್ತಿ ಓಡಿ ಬಂದ. ತಡವಾಗಿತ್ತು. 95–95. ರೆಫರಿಗಳು ವಿಡಿಯೊ ನೋಡಿ ಪಾದ ಗೆರೆಯ ಹೊರಗೇ ಇತ್ತು ಅಂತ ಖಚಿತ ಮಾಡಿಕೊಂಡರು.

ಇದನ್ನು ಅದೃಷ್ಟ ಅನ್ನುವವರಿಗೆ ಆಲನ್‌ನ ಅಭ್ಯಾಸದ ಕತೆ ಗೊತ್ತಿರುವುದಿಲ್ಲ. ಮಿಲ್ವಾಕಿಯಲ್ಲಿ ಆಡುತ್ತಿದ್ದ ಸಣ್ಣ ವಯಸ್ಸಿನಿಂದಲೇ ಅವನು ಒಂದು ಕಸರತ್ತು ಮಾಡುತ್ತಿದ್ದ. ಬ್ಯಾಸ್ಕೆಟ್ ಮುಂದೆ ನೆಲದ ಮೇಲೆ ಮಲಗುವುದು, ಥಟ್ಟನೆ ಎದ್ದು ಹಿಮ್ಮುಖವಾಗಿ ಮೂಲೆಗೆ ಓಡುವುದು, ಅಲ್ಲಿ ಪಾಸ್ ಹಿಡಿದು ಗೆರೆ ನೋಡದೆ ಶಾಟ್ ಹಾಕುವುದು. ಪಂದ್ಯದಲ್ಲಿ ಇಂಥ ಸಂದರ್ಭ ಯಾವಾಗ ಬರುತ್ತದೆ ಅಂತ ಕೇಳಿದರೆ ಆಗ ಯಾರ ಹತ್ತಿರವೂ ಉತ್ತರ ಇರುತ್ತಿರಲಿಲ್ಲ. ಬಂದದ್ದು ಅವನಿಗೆ 37 ವರ್ಷ ಆದಾಗ. ಅದಕ್ಕೇ ನಾನು ಆಲನ್‌ನಿಂದ ಏನನ್ನೂ ಕಿತ್ತು ಬಾಷ್‌ಗೆ ಕೊಡುತ್ತಿಲ್ಲ. ಆಲನ್‌ಗೆ ಸಿಕ್ಕಿದ ಹೊಗಳಿಕೆ ಪೂರ್ತಿ ನ್ಯಾಯವಾದದ್ದು.

ಆದರೆ ಪಂದ್ಯ ಅಲ್ಲಿಗೆ ಮುಗಿಯಲಿಲ್ಲ ಅನ್ನುವುದನ್ನು ಜನ ಮರೆತಿದ್ದಾರೆ. ಆ ಶಾಟ್‌ನಿಂದ ಗೆದ್ದದ್ದು ಐದು ನಿಮಿಷದ ಓವರ್‌ಟೈಮ್ ಮಾತ್ರ. ಅಲ್ಲೂ ಸ್ಪರ್ಸ್ 100–97 ಮುಂದಿತ್ತು. 1 ನಿಮಿಷ 43 ಸೆಕೆಂಡ್ ಇದ್ದಾಗ ಲೆಬ್ರಾನ್ ಮಯಾಮಿಯನ್ನು 101–100ಕ್ಕೆ ತಂದ. ಅಲ್ಲಿಂದ ಮುಂದೆ ಸ್ಪರ್ಸ್ ಒಂದೂ ಅಂಕ ಗಳಿಸಲಿಲ್ಲ. ಸುಮಾರು ಅರ್ಧ ನಿಮಿಷ ಬಾಕಿ ಇದ್ದಾಗ ಪಾರ್ಕರ್ ಜಂಪ್ ಶಾಟ್‌ಗೆ ಎದ್ದ. ಅಂಥ ವೇಗದ ಗಾರ್ಡ್‌ನ ಎದುರಿಗೆ ಸ್ವಿಚ್ ಆಗಿ, ಅಂದರೆ ಎದುರಾಳಿ ಬದಲಾಗಿ, ಬಂದ ಎತ್ತರದ ಆಟಗಾರರು ಸಾಮಾನ್ಯವಾಗಿ ಒಂದು ಹೆಜ್ಜೆ ಹಿಂದೆ ನಿಂತು ದೇವರ ಮೇಲೆ ಭಾರ ಹಾಕುತ್ತಾರೆ. ಬಾಷ್ ಹತ್ತಿರ ಹೋದ, ಜೊತೆಯಲ್ಲೇ ಎಗರಿದ, ಚೆಂಡನ್ನು ತಡೆದ. ಆಮೇಲೆ ಜಿನೊಬಿಲಿ ಜನರ ನಡುವೆ ನುಗ್ಗಿ ಚೆಂಡು ಕಳೆದುಕೊಂಡ. ಅಲ್ಲಿ ಆಲನ್ ಫೌಲ್ ಮಾಡಿದನಾ ಅನ್ನುವುದು ಇವತ್ತಿಗೂ ಜಗಳದ ವಿಷಯ. ಎನ್‌ಬಿಎ ಕೊನೆಯ ಎರಡು ನಿಮಿಷದ ತೀರ್ಪುಗಳನ್ನು ಪರಿಶೀಲಿಸಿ ವರದಿ ಪ್ರಕಟಿಸುವ ಪದ್ಧತಿ ಶುರುವಾದದ್ದು 2015ರಲ್ಲಿ, ಹಾಗಾಗಿ ಲೀಗ್‌ನ ಅಧಿಕೃತ ಮಾತು ಇದರ ಬಗ್ಗೆ ಇಲ್ಲ. ಆಲನ್ 1.9 ಸೆಕೆಂಡ್ ಇದ್ದಾಗ ಎರಡೂ ಫ್ರೀ ಥ್ರೋ ಹಾಕಿದ. 103–100.

ಇನ್ನೊಂದು ಮೂರು ಅಂಕ ಬಿದ್ದರೆ ಮತ್ತೆ ಸಮ. ಸ್ಪರ್ಸ್ ಚೆಂಡು ಕೊಟ್ಟದ್ದು ಡ್ಯಾನಿ ಗ್ರೀನ್‌ಗೆ, ಅದೂ ಮೂಲೆಯಲ್ಲಿ. ಗ್ರೀನ್ ಯಾರು? ಆ ಸರಣಿಯ ಮೊದಲ ಐದು ಪಂದ್ಯದಲ್ಲಿ 25 ಮೂರು ಅಂಕದ ಶಾಟ್ ಹಾಕಿ ಫೈನಲ್ಸ್ ದಾಖಲೆ ಮುರಿದಿದ್ದವನು. ಅವನು ಮುರಿದದ್ದು 2008ರಲ್ಲಿ ಇದೇ ರೇ ಆಲನ್ ಮಾಡಿದ್ದ 22ರ ದಾಖಲೆಯನ್ನು. ಆರನೇ ಪಂದ್ಯದ ಮುಂಚೆ ಬಾಷ್ ಪತ್ರಕರ್ತರ ಮುಂದೆ, ಈ ಸಲ ಗ್ರೀನ್‌ಗೆ ಬಿಡುವಾದ ಶಾಟ್ ಸಿಗುವುದಿಲ್ಲ ಅನ್ನುವ ಅರ್ಥದ ಮಾತಾಡಿದ್ದ. ಆ ರಾತ್ರಿ ಗ್ರೀನ್‌ನ ಏಳು ಶಾಟ್‌ನಲ್ಲಿ ಬಿದ್ದದ್ದು ಒಂದು. ಕೊನೆಯ ಚೆಂಡು ಕೈಗೆ ಬಂದಾಗ ಅವನ ಎದುರಿಗೆ ಹಾರಿ ಬಂದದ್ದೂ ಬಾಷ್. ಚೆಂಡು ಗ್ರೀನ್‌ನ ಕೈ ಬಿಡುವ ಹೊತ್ತಿಗೇ ಬ್ಲಾಕ್ ಆಯಿತು. ಸೈರನ್ ಕೂಗಿತು.

ಹಾಗಾದರೆ ಕೊನೆಯ ಕೆಲವು ನಿಮಿಷಗಳ ಲೆಕ್ಕ ನೋಡಿ. ಪಂದ್ಯವನ್ನು ಜೀವಂತ ಇಟ್ಟ ರೀಬೌಂಡ್, ಸಮ ಮಾಡಿದ ಶಾಟ್‌ನ ಪಾಸ್, ಮುನ್ನಡೆ ಕಾಪಾಡಿದ ಬ್ಲಾಕ್, ಪಂದ್ಯ ಮುಗಿಸಿದ ಬ್ಲಾಕ್. ನಾಲ್ಕೂ ಒಬ್ಬನದೇ.

ಅದೂ ಎಂಥವನು! ಟೊರಾಂಟೊದಲ್ಲಿ ತಂಡದ ಮುಖ್ಯ ಆಟಗಾರನಾಗಿ ಪಂದ್ಯಕ್ಕೆ 24 ಅಂಕ ಗಳಿಸುತ್ತಿದ್ದವನು 2010ರಲ್ಲಿ ಲೆಬ್ರಾನ್, ವೇಡ್ ಜೊತೆ ಸೇರಲು ಮಯಾಮಿಗೆ ಬಂದ. ಬಂದ ಮೇಲೆ ಮೂರನೆಯವನಾದ. ತನಗೆ ಒಗ್ಗದ ಸೆಂಟರ್ ಜಾಗದಲ್ಲಿ ನಿಂತು ತನಗಿಂತ ಭಾರದವರ ಜೊತೆ ಗುದ್ದಾಡಿದ. ಲೆಬ್ರಾನ್ ಒಳಗೆ ನುಗ್ಗಲು ಜಾಗ ಬೇಕೆಂದು ತಾನು ದೂರ ಹೋಗಿ ಶಾಟ್ ಹಾಕುವುದನ್ನು ರೂಢಿ ಮಾಡಿಕೊಂಡ. 2011ರ ಫೈನಲ್ ಸೋತ ರಾತ್ರಿ ಡ್ರೆಸ್ಸಿಂಗ್ ರೂಮಿಗೆ ಹೋಗುವ ದಾರಿಯಲ್ಲೇ ಕುಸಿದು ಅತ್ತ. ಕ್ಯಾಮೆರಾಗಳು ಅದನ್ನು ಹಿಡಿದವು, ಜನ ವರ್ಷಗಟ್ಟಲೆ ಗೇಲಿ ಮಾಡಿದರು. ಆಟಕ್ಕಾಗಿ ಅಷ್ಟು ಅತ್ತವನನ್ನು ಗೇಲಿ ಮಾಡಲು ಮನಸ್ಸಾದರೂ ಹೇಗೆ ಬಂತೋ.

ಎರಡು ದಿನದ ನಂತರ ಏಳನೇ ಪಂದ್ಯ. ಲೆಬ್ರಾನ್ 37 ಅಂಕ, ಶೇನ್ ಬ್ಯಾಟಿಯೆ ಆರು ಮೂರು ಅಂಕದ ಶಾಟ್. ಮಯಾಮಿ 95–88. ಕೊನೆಯ ನಿಮಿಷದಲ್ಲಿ ಅಂತರ ಎರಡೇ ಅಂಕ ಇದ್ದಾಗ ಡಂಕನ್‌ಗೆ ಬ್ಯಾಸ್ಕೆಟ್ ಪಕ್ಕದಲ್ಲೇ ಸುಲಭದ ಶಾಟ್ ಸಿಕ್ಕಿತು, ತಪ್ಪಿತು. ವಾಪಸ್ ಓಡಿ ಬಂದು ಎರಡೂ ಅಂಗೈಯಿಂದ ನೆಲಕ್ಕೆ ಬಡಿದ. ಅಷ್ಟು ವರ್ಷದಲ್ಲಿ ಭಾವನೆ ತೋರಿಸದ ಮನುಷ್ಯ ಅವನು. ಮೊದಲರ್ಧದಲ್ಲಿ 25 ಹೊಡೆದಾಗಲೂ ಮುಖ ಬದಲಾಗಿರಲಿಲ್ಲ.

ಆ ಏಳನೇ ಪಂದ್ಯದಲ್ಲಿ ಬಾಷ್ ಗಳಿಸಿದ ಅಂಕ ಸೊನ್ನೆ. ಐದು ಶಾಟ್, ಐದೂ ತಪ್ಪಿದವು. ಚಾಂಪಿಯನ್ ತಂಡದ ಮೂರನೇ ತಾರೆ ನಿರ್ಣಾಯಕ ಪಂದ್ಯದಲ್ಲಿ ಒಂದೂ ಅಂಕ ಗಳಿಸಲಿಲ್ಲ ಅಂತ ಬರೆದವರು ಎಷ್ಟೋ ಜನ. ಆ ಪಂದ್ಯ ನಡೆಯುವುದಕ್ಕೆ ಕಾರಣ ಯಾರು ಅನ್ನುವ ಪ್ರಶ್ನೆ ಕೇಳಿದವರು ಕಡಿಮೆ.

ಸ್ಪರ್ಸ್ ಕತೆ ಅಲ್ಲಿಗೆ ಮುಗಿಯಲಿಲ್ಲ ಅನ್ನುವುದು ಸಮಾಧಾನ. ಮುಂದಿನ ಸೀಸನ್‌ನ ತರಬೇತಿ ಶಿಬಿರ ಶುರುವಾದಾಗ ಪೊಪೊವಿಚ್ ತಂಡವನ್ನೆಲ್ಲ ಕೂರಿಸಿ ಸೋತ ಪಂದ್ಯದ ವಿಡಿಯೊ ತೋರಿಸಿದರು. ಯಾರೂ ಅದರಿಂದ ತಪ್ಪಿಸಿಕೊಳ್ಳದಿರಲಿ ಅಂತ. 2014ರಲ್ಲಿ ಅದೇ ಎರಡು ತಂಡ ಮತ್ತೆ ಫೈನಲ್‌ಗೆ ಬಂದವು. ಸ್ಪರ್ಸ್ 4–1ರಿಂದ ಗೆದ್ದಿತು. ಫೈನಲ್ಸ್ ಎಂವಿಪಿ ಯಾರು ಅಂತೀರಿ? ಒಂದು ಫ್ರೀ ಥ್ರೋ ತಪ್ಪಿಸಿದ್ದ ಆ ಹುಡುಗ, ಲೆನರ್ಡ್. 22ನೇ ವಯಸ್ಸಿಗೆ.

ಬಾಷ್‌ನ ಆಟದ ಬದುಕು ಮಾತ್ರ ಅವನು ಬಯಸಿದಷ್ಟು ದೂರ ಹೋಗಲಿಲ್ಲ. 2015ರಲ್ಲಿ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತು. ಚೇತರಿಸಿಕೊಂಡು ಬಂದ. 2016ರ ಫೆಬ್ರವರಿಯಲ್ಲಿ ಮತ್ತೆ ಅದೇ ತೊಂದರೆ. ಅದಾದ ಮೇಲೆ ಎನ್‌ಬಿಎಯಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಆಗ ಅವನಿಗೆ 31. ಮಯಾಮಿ 2019ರಲ್ಲಿ ಅವನ ಒಂದನೇ ನಂಬರಿನ ಜರ್ಸಿಯನ್ನು ಅರೀನಾದ ಮೇಲ್ಛಾವಣಿಗೆ ಏರಿಸಿತು, 2021ರಲ್ಲಿ ಹಾಲ್ ಆಫ್ ಫೇಮ್‌ಗೆ ಸೇರಿದ.

ಇನ್ನು ಗ್ರೀನ್ ಮೇಲಿನ ಆ ಕೊನೆಯ ಬ್ಲಾಕ್ ಬಗ್ಗೆ. ಸ್ಪರ್ಸ್ ಪಕ್ಷದ ಗೆಳೆಯರು ಅದು ಫೌಲ್ ಅನ್ನುತ್ತಾರೆ, ಬಾಷ್‌ನ ಮೈ ಗ್ರೀನ್‌ಗೆ ಬಡಿಯಿತಲ್ಲ ಅಂತ. ಮೈ ತಾಗಿದ್ದು ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ನಿಧಾನ ಮಾಡಿ ನೋಡಿದಾಗ ನನ್ನ ಕಣ್ಣಿಗೆ ಕೈ ಮೊದಲು ಚೆಂಡಿಗೆ ತಾಗುತ್ತದೆ, ಮೈ ತಾಗುವುದು ಆಮೇಲೆ. ಅವರ ಕಣ್ಣಿಗೆ ಬೇರೆ ಕಾಣುತ್ತದೆ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆನೇನೋ. ಈ ಒಂದು ವಿಷಯದಲ್ಲಿ ನಮ್ಮ ಜಗಳ ಬಗೆಹರಿಯುವ ಲಕ್ಷಣ ಇಲ್ಲ. ಆದರೆ ಅಷ್ಟು ಹೊತ್ತು ಆಡಿ ದಣಿದ ಕಾಲುಗಳಲ್ಲಿ ಬಾಷ್ ಆ ಮೂಲೆಯ ತನಕ ಹೋದ ಅನ್ನುವುದನ್ನು ಅವರೂ ಒಪ್ಪುತ್ತಾರೆ.